ಸತತವಾಗಿ ಸೋಲುತ್ತಿರುವಾಗ ಪೋಕರ್ ಮೇಜಿನ ಮುಂದೆ ಮನಸ್ಸನ್ನು ಹತೋಟಿಯಲ್ಲಿಡುವುದು ಹೇಗೆ?

ಕಾಫಿಹೂವು, ಚಿಕ್ಕಮಗಳೂರು:

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನಿಂದ ಮೂಡಿಗೆರೆಗೆ ಹೋಗುವ ದಾರಿಯಲ್ಲಿ ನನ್ನದೊಂದು ಸಣ್ಣ ಕಾಫಿ ತೋಟವಿದೆ. ನಾಲ್ಕು ವರ್ಷಗಳಿಂದ ಪೋಕರ್ ಆಡುತ್ತಿದ್ದೇನೆ. ಮೊದಲು ಫೋನಿನಲ್ಲಿ ಆಡುತ್ತಿದ್ದೆ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆ 2025ರ ಆಗಸ್ಟ್‌ನಲ್ಲಿ ಬಂದ ಮೇಲೆ ಅದು ನಿಂತುಹೋಯಿತು. ಈಗ ಶನಿವಾರ ಸಂಜೆ ಸ್ನೇಹಿತರೊಬ್ಬರ ತೋಟದ ಮನೆಯಲ್ಲಿ ಏಳು ಮಂದಿ ಸೇರಿ ಟೆಕ್ಸಾಸ್ ಹೋಲ್ಡೆಮ್ ಎಂಬ ಬಗೆಯ ಪೋಕರ್ ಆಡುತ್ತೇವೆ: ಕೈಗೆ ತಲಾ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ. ಬ್ಲೈಂಡ್, ಅಂದರೆ ಎಲೆ ನೋಡುವ ಮೊದಲೇ ಸರದಿಯಂತೆ ಇಬ್ಬರು ಇಡಬೇಕಾದ ಹಣ, 10–20 ರೂಪಾಯಿ. ಕೂರುವಾಗ ತಲಾ 2,000 ರೂಪಾಯಿಯ ಚಿಪ್ಸ್. ಆರೂವರೆಗೆ ಆರಂಭಿಸಿ, ನಡುವೆ ಕಡುಬು-ಕೋಳಿಸಾರಿನ ಊಟ ಮುಗಿಸಿ, ಹನ್ನೆರಡರ ಸುಮಾರಿಗೆ ಏಳುತ್ತೇವೆ.

ಕಳೆದ 11 ಶನಿವಾರಗಳಲ್ಲಿ ಒಂಬತ್ತು ಸಲ ಸೋತಿದ್ದೇನೆ. ಒಟ್ಟು 21,400 ರೂಪಾಯಿ ಹೋಗಿದೆ. ಇದರಿಂದ ಮನೆ ಮುಳುಗುವುದಿಲ್ಲ, ಆದರೆ ಮನಸ್ಸು ಮುಳುಗುತ್ತಿದೆ. ಮೂರು ವಾರಗಳ ಹಿಂದೆ ನನ್ನ ಕೈಯಲ್ಲಿ ಎರಡು ಎಕ್ಕ, ಎದುರಿನವರ ಕೈಯಲ್ಲಿ ಎರಡು ರಾಜ. ಮೇಜಿನ ಮೇಲೆ ಎಲೆ ಬೀಳುವ ಮೊದಲೇ ಇಬ್ಬರೂ ಇದ್ದ ಚಿಪ್ಸನ್ನೆಲ್ಲ ತಳ್ಳಿದೆವು. ಕಟ್ಟಕಡೆಯ ಎಲೆಯಾಗಿ ಕಳಾವರ್ ರಾಜ ಬಂದ, ಅವರದು ಮೂರು ರಾಜವಾಗಿ ನಾನು ಸೋತೆ. ಆಮೇಲಿನ ಒಂದು ಗಂಟೆ ನಾನು ಏನು ಆಡಿದೆನೆಂಬುದು ನನಗೆ ಈಗಲೂ ಸರಿಯಾಗಿ ನೆನಪಿಲ್ಲ. ಸೋಮವಾರ ತೋಟದ ರೈಟರ್ ಹಾಜರಿ ಪುಸ್ತಕ ತಂದಾಗ, ತಪ್ಪೇನೂ ಇಲ್ಲದಿದ್ದರೂ ಅವರ ಮೇಲೆ ರೇಗಿದೆ.

ಆಟವೆಂದ ಮೇಲೆ ಸೋಲು ಗೆಲುವು ಇದ್ದದ್ದೇ ಎಂಬ ಸಮಾಧಾನವನ್ನು ಬೇಕಾದಷ್ಟು ಮಂದಿ ಹೇಳಿದ್ದಾರೆ. ನನಗೆ ತಿಳಿಯಬೇಕಾದದ್ದು ಎರಡು ವಿಷಯ: ಈ ಸೋಲು ಎಲೆಯದೋ ನನ್ನದೋ ಎಂದು ಕಂಡುಕೊಳ್ಳುವುದು ಹೇಗೆ? ಸಿಟ್ಟು ನೆತ್ತಿಗೇರಿದ ಆ ಗಳಿಗೆಯಲ್ಲಿ ಮೇಜಿನ ಮುಂದೆ ಮಾಡಬೇಕಾದದ್ದು ಏನು?

ಲೆಕ್ಕದ ಮೇಷ್ಟ್ರು, ಹಾಸನ:

ನಿಮ್ಮ ಮೊದಲನೆಯ ಪ್ರಶ್ನೆಗೆ ಲೆಕ್ಕದಲ್ಲಿಯೇ ಒಂದಿಷ್ಟು ಉತ್ತರವಿದೆ, ಮತ್ತು ಆ ಉತ್ತರ ನಿಮಗೆ ಅಷ್ಟು ಹಿತವಾಗಲಾರದು ಎಂದು ಮೊದಲೇ ಹೇಳಿಬಿಡುತ್ತೇನೆ.

ಎಕ್ಕದ ಜೋಡಿಯು ರಾಜನ ಜೋಡಿಯ ಎದುರು 100ಕ್ಕೆ ಸುಮಾರು 82 ಸಲ ಗೆಲ್ಲುತ್ತದೆ. ಉಳಿದ 18 ಸಲ ಸೋಲುತ್ತದೆ. ಅಂದರೆ ಹೆಚ್ಚುಕಡಿಮೆ ಐದೂವರೆ ಸಲಕ್ಕೆ ಒಮ್ಮೆ. ಇಬ್ಬರೂ 2,000 ಇಟ್ಟಿದ್ದರೆ ಆ 4,000ದಲ್ಲಿ ಸರಾಸರಿಯ ಪ್ರಕಾರ ನಿಮಗೆ ಸೇರಬೇಕಾದದ್ದು 3,280. ಕಳಾವರ್ ರಾಜ ನಿಮ್ಮಿಂದ ಕಿತ್ತುಕೊಂಡದ್ದು ಅಷ್ಟೇ. ಅದರಿಂದಾಚೆಗೆ ಆ ರಾತ್ರಿ ಹೋದ ಹಣಕ್ಕೆ ಪಾಪ, ಅವನನ್ನು ದೂರುವಂತಿಲ್ಲ.

ಇನ್ನು 11 ವಾರಗಳ ವಿಚಾರ. ನೀವೇ ಎಲೆ ಕಲಸಿ ಹಂಚಿಕೊಂಡು ಆಡುವುದರಿಂದ ಗಂಟೆಗೆ 20 ಕೈ (ಒಮ್ಮೆ ಎಲೆ ಹಂಚಿ ಆಡಿ ಮುಗಿಸಿದರೆ ಒಂದು ಕೈ), ಐದು ಗಂಟೆಗೆ 100 ಕೈ ಎಂದಿಟ್ಟುಕೊಳ್ಳೋಣ. ಒಟ್ಟು 1,100 ಕೈಗಳಾದವು. ಶಾಲೆಯ ಪುಸ್ತಕದಲ್ಲಿ ಮಾನಕ ವಿಚಲನೆ ಎಂದು ಓದಿದ್ದೀರಲ್ಲ, ಫಲಿತಾಂಶ ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಹೋಗುತ್ತದೆ ಎಂಬ ಅಳತೆ, ಪಣಕ್ಕೆ ಮಿತಿಯಿಲ್ಲದ ನೋ-ಲಿಮಿಟ್ ಹೋಲ್ಡೆಮ್‌ನಲ್ಲಿ ಅದು 100 ಕೈಗಳಿಗೆ ಸುಮಾರು 80ರಿಂದ 100 ಬಿಗ್ ಬ್ಲೈಂಡ್‌ನಷ್ಟು ಇರುತ್ತದೆ (ಎರಡು ಬ್ಲೈಂಡುಗಳಲ್ಲಿ ದೊಡ್ಡದು ಬಿಗ್ ಬ್ಲೈಂಡ್, ನಿಮ್ಮಲ್ಲಿ 20 ರೂಪಾಯಿ). 90 ಎಂದು ಹಿಡಿದು 11ರ ವರ್ಗಮೂಲದಿಂದ ಗುಣಿಸಿದರೆ 300 ಬಿಗ್ ಬ್ಲೈಂಡ್, ಅಂದರೆ ನಿಮ್ಮ ಮೇಜಿನ ಲೆಕ್ಕದಲ್ಲಿ 6,000 ರೂಪಾಯಿ. ಮೇಜಿನಲ್ಲಿರುವ ಉಳಿದವರಿಗೆ ಸರಿಸಮನಾದ ಆಟಗಾರನೊಬ್ಬ ಇಷ್ಟು ಕೈಗಳಲ್ಲಿ, ಯಾವ ತಪ್ಪೂ ಮಾಡದೆ, 6,000ಕ್ಕಿಂತ ಹೆಚ್ಚು ಕಳೆದುಕೊಳ್ಳುವ ಸಂಭವ ಆರಕ್ಕೆ ಒಂದು. 12,000ಕ್ಕಿಂತ ಹೆಚ್ಚು ಕಳೆದುಕೊಳ್ಳುವ ಸಂಭವ ನೂರಕ್ಕೆ ಎರಡು ಮೂರು. ಬರೀ ಎಲೆಯ ದೋಷದಿಂದ 21,400 ಹೋಗುವುದು ಇನ್ನೂ ಬಹಳ ಅಪರೂಪ. ಸ್ನೇಹಿತರ ಮೇಜಿನಲ್ಲಿ ಜನ ಧಾರಾಳವಾಗಿ ಕಾಲ್ ಮಾಡುವುದರಿಂದ, ಅಂದರೆ ಎದುರಿನವರು ಇಟ್ಟಷ್ಟೇ ತಾವೂ ಇಟ್ಟು ಆಟದಲ್ಲಿ ಉಳಿಯುವುದರಿಂದ, ಏರಿಳಿತ ಹೆಚ್ಚೆಂದು ವಾದಿಸಬಹುದು. 90ರ ಬದಲು 120 ಎಂದು ಹಿಡಿದರೂ ನಿಮ್ಮ ಮೊತ್ತ ಎಲೆಯ ತಲೆಗೆ ಕಟ್ಟುವಷ್ಟು ಸಣ್ಣದಾಗುವುದಿಲ್ಲ.

ಆದ್ದರಿಂದ ಒಂದು ಕೆಲಸ ಮಾಡಿ. ಯಾವ ಶನಿವಾರ ಎಷ್ಟು ಹೋಯಿತು ಎಂಬುದರ ಜೊತೆಗೆ, ಮೊದಲ 2,000ದ ಗತಿ ಏನಾಯಿತು, ಅದು ಮುಗಿದ ಮೇಲೆ ಮತ್ತೆ ಕೊಂಡ ಚಿಪ್ಸಿನ ಗತಿ ಏನಾಯಿತು ಎಂದು ಎರಡು ಸಾಲುಗಳಲ್ಲಿ ಬೇರೆ ಬೇರೆಯಾಗಿ ಬರೆಯಿರಿ. ಎರಡೂ ಸೋಲುಗಳನ್ನು ಒಂದೇ ಗೋಣಿಚೀಲದಲ್ಲಿ ತುಂಬಿ ತೂಗುವುದರಿಂದಲೇ ನಿಮಗೆ ಯಾವುದು ಎಲೆಯದು, ಯಾವುದು ನಿಮ್ಮದು ಎಂದು ಕಾಣುತ್ತಿಲ್ಲ.

ಹೇಮಾವತಿ ದಂಡೆ, ಸಕಲೇಶಪುರ:

ಮೇಷ್ಟ್ರ ಲೆಕ್ಕಕ್ಕೆ ನನ್ನ ತಕರಾರಿಲ್ಲ. ಆದರೆ ರಾತ್ರಿ ಹತ್ತೂವರೆಗೆ, ಎಕ್ಕ ಮುರಿದು ಬಿದ್ದ ಗಳಿಗೆಯಲ್ಲಿ, ಯಾರ ತಲೆಯಲ್ಲೂ ವರ್ಗಮೂಲ ನಿಲ್ಲುವುದಿಲ್ಲ. ನಾನು ಇಪ್ಪತ್ತು ವರ್ಷ ರಮ್ಮಿಯನ್ನೂ ಎಂಟು ವರ್ಷ ಪೋಕರನ್ನೂ ಆಡಿದವನು. ಲೆಕ್ಕ ಗೊತ್ತಿದ್ದೂ ಹಾಳಾದವರನ್ನು ಕಂಡಿದ್ದೇನೆ, ಅವರಲ್ಲಿ ನಾನೂ ಒಬ್ಬ.

ನಮ್ಮ ಕಡೆ ಶುಂಠಿ ಬೆಳೆದವರನ್ನು ಗಮನಿಸಿದ್ದೀರಾ? ಕೊಳೆರೋಗ ಬಂದೋ ಬೆಲೆ ಬಿದ್ದೋ ಕೈ ಸುಟ್ಟುಕೊಂಡವರು ಮರುವರ್ಷ ಸುಮ್ಮನಿರದೆ, ಇನ್ನೂ ಎರಡೆಕರೆ ಗದ್ದೆಯನ್ನು ಗುತ್ತಿಗೆಗೆ ಹಿಡಿಯುತ್ತಾರೆ. ಶುಂಠಿಯಲ್ಲಿ ಹೋದದ್ದನ್ನು ಶುಂಠಿಯಲ್ಲೇ ತೆಗೆಯಬೇಕು ಎನ್ನುತ್ತಾರೆ. ಭೂಮಿಗೂ ಮಾರುಕಟ್ಟೆಗೂ ಅವರ ಹಳೆಯ ಸಾಲದ ನೆನಪಿರುವುದಿಲ್ಲ. ಎಲೆಯ ಕಟ್ಟಿಗೂ ಅಷ್ಟೇ. ಕಲಸಿದ ಮೇಲೆ ಅದಕ್ಕೆ ಹಿಂದಿನ ಕೈ ಗೊತ್ತಿಲ್ಲ. ನಷ್ಟದಲ್ಲಿರುವ ಮನುಷ್ಯ, ಲಾಭದಲ್ಲಿದ್ದಾಗ ಮುಟ್ಟಿಯೂ ನೋಡದ ಅಪಾಯಕ್ಕೆ ಕೈ ಹಾಕುತ್ತಾನೆ ಎಂಬುದನ್ನು ಡೇನಿಯಲ್ ಕಾಹ್ನೆಮನ್ ಮತ್ತು ಅಮೋಸ್ ಟ್ವರ್ಸ್ಕಿ ಎಂಬ ಮನೋವಿಜ್ಞಾನಿಗಳು 1979ರಲ್ಲಿ ಸಿದ್ಧಾಂತವಾಗಿಯೇ ಮಂಡಿಸಿದರು. ನಮ್ಮ ಬಯಲಾಟ ನೋಡುವವರಿಗೆ ಅದು ಧರ್ಮರಾಯನಿಂದ ಮೊದಲೇ ಗೊತ್ತು. ಕಳೆದದ್ದೆಲ್ಲ ಮರಳಿ ಕೈಸೇರಿದ ಮೇಲೂ ಆತ ಮತ್ತೊಮ್ಮೆ ಕರೆದಾಗ ಹೋಗಿ ಕುಳಿತನಲ್ಲ, ಅದೇ ನಮ್ಮ ಭಾಷೆಯಲ್ಲಿ ಎರಡನೆಯ ಸಲ ಚಿಪ್ಸ್ ಕೊಳ್ಳುವುದು.

ಸೋತು ತಲೆಕೆಟ್ಟು ಹಿಡಿತ ತಪ್ಪಿ ಆಡುವುದಕ್ಕೆ ಟಿಲ್ಟ್ ಎನ್ನುತ್ತಾರೆ. ಆ ಮಾತು ಪೋಕರಿಗೆ ಬಂದದ್ದು ಗುಂಡು ಚಿಮ್ಮಿಸಿ ಆಡುವ ಪಿನ್‌ಬಾಲ್ ಯಂತ್ರದಿಂದ. ಸಿಟ್ಟಿನಲ್ಲಿ ಆ ಯಂತ್ರವನ್ನು ಹಿಡಿದು ಅಲ್ಲಾಡಿಸಿದರೆ ಅದು ಟಿಲ್ಟ್ ಎಂದು ತೋರಿಸಿ, ಮುಂದೆ ಆಡಲಾಗದಂತೆ ನಿಂತುಬಿಡುತ್ತದೆ. ಮನುಷ್ಯನಿಗೆ ಆ ಏರ್ಪಾಡು ಇಲ್ಲ. ತಲೆ ವಾಲಿದ ಮೇಲೂ ಕೈ ಚಿಪ್ಸ್ ತಳ್ಳುತ್ತಲೇ ಇರುತ್ತದೆ. ಹಾಗಾಗಿ ನಿಲ್ಲಿಸುವ ವ್ಯವಸ್ಥೆಯನ್ನು ಮನಸ್ಸು ತಣ್ಣಗಿರುವಾಗಲೇ ಮಾಡಿಕೊಳ್ಳಬೇಕು. ಮೊದಲೆಲ್ಲ ನಾನು ಜೇಬಿನಲ್ಲಿ ಎರಡೇ ಸಾವಿರ ಇಟ್ಟುಕೊಂಡು ಹೋಗುತ್ತಿದ್ದೆ. ಫೋನಿನಿಂದಲೇ ಹಣ ಕಳುಹಿಸುವ ಕಾಲ ಬಂದ ಮೇಲೆ ಆ ಉಪಾಯ ಕೆಟ್ಟಿತು. ಈಗ ಆಟ ಶುರುವಾಗುವ ಮೊದಲೇ ಮನೆಯ ಯಜಮಾನರಿಗೆ, ನಾನು ಆಮೇಲೆ ಎಷ್ಟೇ ಕೇಳಿದರೂ ಎರಡನೆಯ ಸಲ ಚಿಪ್ಸ್ ಕೊಡಬೇಡಿ ಎಂದು ಎಲ್ಲರ ಎದುರಿಗೇ ಹೇಳಿಬಿಡುತ್ತೇನೆ. ಒಮ್ಮೆ ಕೇಳಿದ್ದೂ ಉಂಟು. ಅವರು ಕೊಡಲಿಲ್ಲ, ಉಳಿದವರು ನಕ್ಕರು, ನಾನು ಮನೆಗೆ ಹೋದೆ.

ಸಿಟ್ಟು ಬುದ್ಧಿಗೆ ತಿಳಿಯುವ ಮೊದಲು ಮೈಗೆ ತಿಳಿಯುತ್ತದೆ. ನನಗೆ ಕಿವಿ ಬಿಸಿಯಾಗುತ್ತದೆ. ಚಿಪ್ಸನ್ನು ಇಡುವ ಬದಲು ಎಸೆಯುತ್ತೇನೆ. ನನ್ನ ಸರದಿ ಬರುವ ಮೊದಲೇ ರೈಸ್, ಅಂದರೆ ಪಣ ಏರಿಸುತ್ತೇನೆ, ಎಂದು ಬಾಯಿ ಬಿಡುತ್ತೇನೆ. ಇವುಗಳಲ್ಲಿ ಒಂದು ಕಂಡರೂ ಸಾಕು, ಎದ್ದು ಹೊರಗೆ ಹೋಗುತ್ತೇನೆ. ಏಳು ಮಂದಿಯ ಮೇಜಿನಲ್ಲಿ ಒಂದು ಸುತ್ತು ತಪ್ಪಿಸಿದರೆ ಏಳು ಕೈ, ನಿಮ್ಮ ವೇಗದಲ್ಲಿ ಇಪ್ಪತ್ತು ನಿಮಿಷ. ಅದಕ್ಕೆ ತೆರಬೇಕಾದ ಎರಡು ಬ್ಲೈಂಡುಗಳ ಬೆಲೆ 30 ರೂಪಾಯಿ. ಕಾಫಿ ಹರಡಿದ ಕಣದ ಅಂಚಿನಲ್ಲಿ ಎರಡು ಸಲ ನಿಧಾನವಾಗಿ ನಡೆದು, ಎಳೆದುಕೊಂಡದ್ದಕ್ಕಿಂತ ದೀರ್ಘವಾಗಿ ಉಸಿರು ಬಿಟ್ಟು, ಫೋನ್ ಮುಟ್ಟದೆ ವಾಪಸ್ ಬರುತ್ತೇನೆ. ಎಕ್ಕ ಮುರಿದ ಕಥೆಯನ್ನು ಯಾರಿಗೂ ಹೇಳುವುದಿಲ್ಲ. ಹೇಳಿದಷ್ಟೂ ಸಲ ಅದು ಹೊಸದಾಗಿ ಮುರಿಯುತ್ತದೆ.

ಇನ್ನೊಂದು ಬಗೆಯ ಟಿಲ್ಟ್ ಇದೆ, ಅದನ್ನು ಯಾರೂ ಗುರುತಿಸುವುದಿಲ್ಲ. ವಾರಗಟ್ಟಲೆ ಸೋತವನು ಸಿಟ್ಟಾಗದೆ ಹೆದರಿಬಿಡುತ್ತಾನೆ. ಒಳ್ಳೆಯ ಎಲೆ ಬಂದರೂ ರೈಸ್ ಮಾಡದೆ ಕಾಲ್ ಮಾಡಿ ಮಾಡಿ ಚಿಪ್ಸ್ ಕರಗಿಸಿಕೊಳ್ಳುತ್ತಾನೆ. ಮೇಲ್ನೋಟಕ್ಕೆ ಆತ ಬಹಳ ಶಾಂತನಾಗಿ ಕಾಣುತ್ತಾನೆ.

ಬಿಟ್ಟವನು, ಹಾಸನ:

ಹಿರಿಯರಿಬ್ಬರ ಮಾತೂ ಆಟಗಾರನಿಗೆ ಹೇಳುವ ಮಾತು. ನಾನು ಬೇರೆ ಕಡೆಯಿಂದ ಕೇಳುತ್ತೇನೆ, ದಯವಿಟ್ಟು ತಪ್ಪು ತಿಳಿಯಬೇಡಿ. ಆ 21,400ರಲ್ಲಿ ಸಾಲ ತಂದದ್ದು ಇದೆಯೇ? ಮೆಣಸು ಮಾರಿದ ಹಣವನ್ನೋ ವ್ಯಾಪಾರಿಯಿಂದ ತಂದ ಮುಂಗಡವನ್ನೋ ಮನೆಯವರಿಗೆ ತಿಳಿಸದೆ ಮುಟ್ಟಿದ್ದೀರಾ? ಸೋತ ಮೊತ್ತವನ್ನು ಮನೆಯಲ್ಲಿ ಕಡಿಮೆ ಮಾಡಿ ಹೇಳಿದ್ದೀರಾ? ಬುಧವಾರದಿಂದಲೇ ಮನಸ್ಸು ಶನಿವಾರದ ದಾರಿ ಕಾಯುತ್ತದೆಯೇ? ನಾನು ಫೋನಿನಲ್ಲಿ ಆಡುತ್ತಿದ್ದ ದಿನಗಳಲ್ಲಿ ಈ ನಾಲ್ಕೂ ಪ್ರಶ್ನೆಗಳಿಗೆ ನನ್ನ ಉತ್ತರ ಹೌದು ಎಂದೇ ಇತ್ತು. ಆದರೂ ನಾನು ಅದನ್ನು ಸೋಲಿನ ಸರಣಿ ಎಂದೇ ಕರೆಯುತ್ತಿದ್ದೆ.

ಜೂಜಿನ ವ್ಯಸನವನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ. ಅದಕ್ಕೆ ಉಸಿರಾಟದ ಅಭ್ಯಾಸವೊಂದೇ ಔಷಧವಲ್ಲ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕನ್ನಡದಲ್ಲಿ ಮಾತನಾಡಬಹುದು, ಕರೆಗೆ ಹಣವಿಲ್ಲ. ನಾನು ಮೊದಲ ಸಲ ಕರೆ ಮಾಡಿ ಮಾತು ಹೊರಡದೆ ಇಟ್ಟುಬಿಟ್ಟೆ, ಎರಡನೆಯ ಸಲ ಮಾತನಾಡಿದೆ. ನಿಮಗೆ ಅದರ ಅಗತ್ಯ ಇಲ್ಲದಿರಬಹುದು. ಆದರೆ ರೈಟರ್ ಮೇಲೆ ರೇಗಿದ್ದನ್ನು ನೀವೇ ಬರೆದಿದ್ದೀರಿ. ಶನಿವಾರದ ಆಟ ಸೋಮವಾರದ ತನಕ ಬಂದಿದೆ ಎಂದಾಯಿತಲ್ಲ.

ಕಾಫಿಹೂವು, ಚಿಕ್ಕಮಗಳೂರು:

ಎಲ್ಲರಿಗೂ ಧನ್ಯವಾದಗಳು. ಮೇಷ್ಟ್ರು ಹೇಳಿದಂತೆ ಫೋನಿನಲ್ಲಿದ್ದ ಹಣ ಪಾವತಿಯ ವಿವರ ನೋಡಿಕೊಂಡು ಎರಡು ಸಾಲು ಬರೆದೆ. 11 ವಾರಗಳಲ್ಲಿ ಮೊದಲ 2,000ದ ಲೆಕ್ಕಕ್ಕೆ ಸೇರುವ ನಿವ್ವಳ ಸೋಲು 7,800. ಐದು ರಾತ್ರಿಗಳಲ್ಲಿ ಒಟ್ಟು ಎಂಟು ಸಲ ಮತ್ತೆ ಚಿಪ್ಸ್ ಕೊಂಡಿದ್ದೇನೆ, ಅದರಲ್ಲಿ ಹೋದದ್ದು 13,600. ಆ ಎಂಟರಲ್ಲಿ ಏಳು ಸಲ ಹಣ ಕಳುಹಿಸಿದ ಸಮಯ ಊಟದ ನಂತರದ್ದು. ನೋಡಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ಹಾಸನದ ತಮ್ಮನ ಪ್ರಶ್ನೆಗೆ: ಸಾಲ ಇಲ್ಲ, ಮುಂಗಡ ಮುಟ್ಟಿಲ್ಲ. ಆದರೆ ಮನೆಯಲ್ಲಿ 8,000 ಎಂದು ಹೇಳಿದ್ದೆ. ನಿನ್ನೆ ನಿಜವಾದ ಮೊತ್ತವನ್ನು ಹೇಳಿದೆ. ನನ್ನ ಹೆಂಡತಿ ಕೂಗಾಡಲಿಲ್ಲ. ಗೆದ್ದ ಎರಡು ವಾರ ನೀವು ಎಷ್ಟು ಹೊತ್ತಿಗೆ ಮನೆಗೆ ಬಂದಿರಿ ಎಂದಷ್ಟೇ ಕೇಳಿದಳು. ಎರಡು ಸಲವೂ ಊಟ ಮುಗಿಸಿದ ಕೂಡಲೇ ಹೊರಟಿದ್ದೆ. ಒಮ್ಮೆ ಮಗನಿಗೆ ಜ್ವರ, ಇನ್ನೊಮ್ಮೆ ಬೆಳಗಿನ ಬಸ್ಸಿಗೆ ಬರುವ ನೆಂಟರು. ರೈಟರಿಗೂ ಎರಡು ಮಾತು ಹೇಳಿದೆ, ಅವರು ಅದನ್ನು ಮರೆತೇಬಿಟ್ಟಂತೆ ನಟಿಸಿದರು.

ಈ ಶನಿವಾರ ಊಟಕ್ಕೇ ಎದ್ದುಬಿಡುತ್ತೇನೆಂದು ಆರಂಭದಲ್ಲೇ ಹೇಳಲಿದ್ದೇನೆ, ಏಕೆಂದರೆ ಗೆದ್ದವನು ನಡುವೆ ಎದ್ದುಹೋದರೆ ನಮ್ಮ ಮೇಜಿನಲ್ಲಿ ಮುಖ ಸಿಂಡರಿಸುತ್ತಾರೆ. ಮೇಷ್ಟ್ರೇ, ಉಳಿದ ಆ 7,800 ಎಲೆಯದೋ ನನ್ನದೋ?

ಲೆಕ್ಕದ ಮೇಷ್ಟ್ರು, ಹಾಸನ:

ಆ ಕೈಯಲ್ಲಿ ಇಬ್ಬರೂ 2,000 ಇಟ್ಟಿದ್ದರೆ ಅದರಲ್ಲಿ 3,280 ಆ ಕಳಾವರ್ ರಾಜನದು. ಉಳಿದದ್ದು ಎಲೆಯ ಏರಿಳಿತದೊಳಗೆ ಸುಲಭವಾಗಿ ಅಡಗುವ ಮೊತ್ತ, ಆದ್ದರಿಂದ ಈಗಲೇ ಏನೂ ಹೇಳಲಾಗದು. 100 ಕೈಗೆ ಐದು ಬಿಗ್ ಬ್ಲೈಂಡ್ ಗೆಲ್ಲುವ ಒಳ್ಳೆಯ ಆಟಗಾರ ಕೂಡ 10,000 ಕೈಗಳ ನಂತರ ನಷ್ಟದಲ್ಲಿಯೇ ಇರುವ ಸಂಭವ ನಾಲ್ಕಕ್ಕೆ ಒಂದಕ್ಕಿಂತ ಹೆಚ್ಚು. ನಿಮ್ಮ ವೇಗದಲ್ಲಿ 10,000 ಕೈಗಳೆಂದರೆ 100 ಶನಿವಾರ. ಊಟಕ್ಕೇ ಏಳುವುದಾದರೆ ಇನ್ನೂ ಹೆಚ್ಚು. ಪುಸ್ತಕದಲ್ಲಿ ಸಾಲುಗಳನ್ನು ಎಳೆದಿಡಿ.