ಸಿ.ಪಿ. ಮಕ್ಕಳ ವ್ಯಾಯಾಮ: ಭಾನುವಾರದ ಪ್ರಶ್ನೋತ್ತರ

ಫಿಸಿಯೋ: ಎಲ್ಲರಿಗೂ ನಮಸ್ಕಾರ. ಇವತ್ತು ಎರಡು ಗಂಟೆ ಇಲ್ಲೇ ಇರುತ್ತೇನೆ. ಸೆರೆಬ್ರಲ್ ಪಾಲ್ಸಿ (ಸಿ.ಪಿ., ಮೆದುಳಿನ ತೊಂದರೆಯಿಂದ ಕೈಕಾಲಿನ ಹಿಡಿತ ಕೆಡುವುದು) ಎಲ್ಲ ಮಕ್ಕಳಲ್ಲೂ ಒಂದೇ ತರಹ ಇರುವುದಿಲ್ಲ. ಹಾಗಾಗಿ ಸುಮ್ನೆ "ಯಾವ ವ್ಯಾಯಾಮ ಒಳ್ಳೆಯದು" ಅಂತ ಕೇಳಬೇಡಿ. ವಯಸ್ಸು, ಕತ್ತು ನಿಂತಿದೆಯಾ, ಕೂರುತ್ತದಾ, ನಡೆಯುತ್ತದಾ, ಫಿಟ್ಸ್ ಇದೆಯಾ, ಇಷ್ಟು ಬರೆಯಿರಿ. ಮಗುವಿನ ಫೋಟೋ ಹಾಕಬೇಡಿ.

ತಿಪಟೂರಿನ ಅಮ್ಮ: ಮಗನಿಗೆ 4 ವರ್ಷ. ಎರಡೂ ಕಾಲು ಬಿಗಿ, ಕೈ ಪರವಾಗಿಲ್ಲ. ಗೋಡೆ ಹಿಡಿದು ತುದಿಗಾಲಲ್ಲಿ ನಡೆಯುತ್ತಾನೆ. ಫಿಟ್ಸ್ ಇಲ್ಲ. ದಿನಕ್ಕೆ ಎರಡು ಸಲ ಪಾದ ಮೇಲಕ್ಕೆ ಒತ್ತಿ 20 ಎಣಿಸುತ್ತೇನೆ. ಸಾಕಾ ಮೇಡಂ?

ಫಿಸಿಯೋ: ಅದೊಂದೇ ಸಾಲದು ಅಮ್ಮ. 20 ಎಣಿಸುವಷ್ಟು ಹೊತ್ತು ಎಳೆದರೆ ಮೀನಖಂಡ ಉದ್ದವಾಗಿ ಉಳಿಯುವುದಿಲ್ಲ, ಅದಕ್ಕೆ ಗಂಟೆಗಟ್ಟಲೆ ಬೇಕು, ಸ್ಪ್ಲಿಂಟ್ (ಪಾದವನ್ನು ಸರಿಯಾಗಿ ಹಿಡಿದಿಡುವ ಅಚ್ಚು) ಕೊಡುವುದು ಅದಕ್ಕೇ. ಇನ್ನೊಂದು ಮಾತು. ಬಿಗಿ ಇರುವ ಕಾಲಿಗೆ ಬಲ ಇದೆ ಅಂದುಕೊಳ್ಳಬೇಡಿ, ಅದರಲ್ಲಿ ಶಕ್ತಿ ಕಡಿಮೆಯೇ ಇರುತ್ತದೆ. ಪಾದ ಪೂರ್ತಿ ನೆಲಕ್ಕೆ ಊರುವಂಥ ಸ್ಟೂಲ್ ಮೇಲೆ ಅವನನ್ನು ಕೂರಿಸಿ. ಎದುರಿಗೆ ಕಿಟಕಿ ಕಟ್ಟೆಯ ಮೇಲೆ ಅವನ ಆಟದ ಕಾರುಗಳನ್ನು ಸಾಲಾಗಿ ಇಡಿ. ಒಂದೊಂದು ಕಾರಿಗೂ ಅವನೇ ಎದ್ದು, ತಗೊಂಡು, ನಿಧಾನವಾಗಿ ಕೂರಬೇಕು. ಧೊಪ್ಪನೆ ಬೀಳಬಾರದು, ನಿಧಾನವಾಗಿ ಕೂರುವಾಗಲೂ ತೊಡೆಗೆ ಕೆಲಸ. ನೀವು ಕಂಕುಳಿಗೆ ಕೈ ಹಾಕಿ ಎತ್ತಬೇಡಿ, ಹಿಂದೆ ಕೂತು ಕಾಯಿರಿ. 8-10 ಸಲ, ದಿನಕ್ಕೆ ಎರಡು ಹೊತ್ತು. ಸುಲಭ ಆಯಿತು ಅನಿಸಿದರೆ ಇನ್ನೂ ಗಿಡ್ಡ ಸ್ಟೂಲ್.

ಕೋಲಾರದ ಅಮ್ಮ: ಯಾವ ಎಣ್ಣೆ ಹಚ್ಚಿದರೆ ಬಿಗಿತ ಹೋಗುತ್ತದೆ?

ಫಿಸಿಯೋ: ಯಾವ ಎಣ್ಣೆಯಿಂದಲೂ ಹೋಗುವುದಿಲ್ಲ. ತೊಂದರೆ ಇರುವುದು ಮೆದುಳಲ್ಲಿ. ಮಗುವಿಗೆ ಹಿತ ಅನಿಸಿದರೆ ಮೆತ್ತಗೆ ಹಚ್ಚಿ, ತಪ್ಪಿಲ್ಲ.

ಹೊಸಕೋಟೆ ಅಪ್ಪ: ಚಕ್ರದ ವಾಕರ್‌ನಲ್ಲಿ ಕೂರಿಸಬಹುದಾ? 2 ವರ್ಷ.

ಫಿಸಿಯೋ: ಬೇಡ. ತುದಿಗಾಲಲ್ಲಿ ತಳ್ಳುವುದನ್ನೇ ಕಲಿಯುತ್ತದೆ, ಉರುಳಿ ಬೀಳುವ ಭಯ ಬೇರೆ. ಕೆನಡಾದಲ್ಲಿ 2004ರಿಂದ ಅದನ್ನು ಮಾರುವುದಕ್ಕೇ ನಿಷೇಧ ಇದೆ.

ಮಂಡ್ಯದ ಅಮ್ಮ: ಜೊಲ್ಲು ತುಂಬಾ ಸುರಿಯುತ್ತದೆ, 5 ವರ್ಷ. ಏನು ಮಾಡಲಿ?

ಗದಗದ ಅಪ್ಪ: ಮೇಡಂರೀ, ಮಗಳಿಗೆ 6 ವರ್ಷ. ಕತ್ತು ಪೂರ್ತಿ ನಿಂತಿಲ್ಲ, ಕೂರುವುದಿಲ್ಲ. ಫಿಟ್ಸ್ ಗುಳಿಗೆ ನಡೆದಿದೆ. ಎರಡೂ ಕಾಲು ಬಲಗಡೆಗೇ ವಾಲಿಕೊಂಡಿರುತ್ತವೆ. ಎರಡು ತಿಂಗಳಿಂದ ಪ್ಯಾಡ್ ಬದಲಿಸುವಾಗ ಚೀರಾಡುತ್ತಾಳೆ. ಊರಲ್ಲಿ ಎಣ್ಣೆ ತಿಕ್ಕುವ ಒಬ್ಬರು ವಾರಕ್ಕೆ ಮೂರು ಸಲ ಬಂದು ಕಾಲು ಜಗ್ಗುತ್ತಾರೆ, ಅತ್ತರೆ ನರ ಬಿಡುತ್ತಿದೆ ಅಂತಾರೆ. ಇನ್ನೂ ಎಷ್ಟು ದಿನ ಮಾಡಿಸಬೇಕು?

ಫಿಸಿಯೋ: ಅಣ್ಣಾ, ಅದನ್ನು ಇವತ್ತೇ ನಿಲ್ಲಿಸಿ. ಉಳಿದವರು ಐದು ನಿಮಿಷ ಕಾಯಿರಿ.

ಅವಳನ್ನು ಅಂಗಾತ ಮಲಗಿಸಿ, ನೋವಾಗದಷ್ಟೇ ಎರಡೂ ಮಂಡಿ ಮಡಿಸಿ, ಪಾದಗಳನ್ನು ಜೋಡಿಸಿ ಹಾಸಿಗೆ ಮೇಲೆ ಇಡಿ. ಕಾಲ ಕಡೆಯಿಂದ ಮಂಡಿಗಳನ್ನು ನೋಡಿ. ಒಂದು ಮಂಡಿ ಕೆಳಗೆ ಕಾಣುತ್ತದಾ? ಪ್ಯಾಡ್ ಹಾಕುವಾಗ ಒಂದು ತೊಡೆ ಮಾತ್ರ ಅಗಲಿಸಲು ಬಾರದೆ ಬಿಗಿ ಹಿಡಿಯುತ್ತದಾ? ಅಳಿಸಿ ನೋಡಬೇಡಿ, ಅತ್ತರೆ ಬಿಟ್ಟುಬಿಡಿ.

ನನ್ನ ಅನುಮಾನ ಸೊಂಟದ ಕೀಲಿನ ಮೇಲೆ. ನಡೆಯದ ಮಕ್ಕಳಲ್ಲಿ ತೊಡೆ ಮೂಳೆಯ ಗುಂಡು ತಲೆ ನಿಧಾನವಾಗಿ ತನ್ನ ಗುಳಿಯಿಂದ ಹೊರಗೆ ಸರಿಯುತ್ತದೆ. ಆಸ್ಟ್ರೇಲಿಯಾದಲ್ಲಿ 323 ಸಿ.ಪಿ. ಮಕ್ಕಳನ್ನು ನೋಡಿ 2006ರಲ್ಲಿ ಬಂದ ವರದಿಯಲ್ಲಿ ಒಟ್ಟು 100ಕ್ಕೆ ಸುಮಾರು 35 ಮಕ್ಕಳಲ್ಲಿ ಹೀಗಾಗಿತ್ತು. ನಿಮ್ಮ ಮಗಳಂತೆ ಕತ್ತು, ಬೆನ್ನು ನಿಲ್ಲದ ಮಕ್ಕಳಲ್ಲಿ 90. ಶುರುವಿನಲ್ಲಿ ನೋವೇ ಇರುವುದಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಇವಳಿಗೆ ನೋವು ಬಂದಾಗಿದೆ.

ಎರಡನೆಯದು, ಕಾಲ ಮೇಲೆ ಭಾರ ಬೀಳದ ಮಕ್ಕಳ ಮೂಳೆ ತೆಳ್ಳಗಾಗಿರುತ್ತದೆ, ಕೆಲವು ಫಿಟ್ಸ್ ಔಷಧಿಗಳಿಂದ ಇನ್ನೂ ಜಾಸ್ತಿ. ಜಗ್ಗಿದರೆ ಮಂಡಿಗಿಂತ ಸ್ವಲ್ಪ ಮೇಲೆ ಮೂಳೆ ಮುರಿಯಬಹುದು. ಅಲ್ಲಿ ಊತ, ಬಿಸಿ ಕಂಡರೆ ಕಾಯಬೇಡಿ, ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಫಿಟ್ಸ್ ಗುಳಿಗೆ ಮಾತ್ರ ನೀವಾಗಿ ನಿಲ್ಲಿಸಬೇಡಿ.

ನಾಳೆ ಜಿಲ್ಲಾಸ್ಪತ್ರೆಯಲ್ಲಿ ಎರಡೂ ಸೊಂಟ ಒಟ್ಟಿಗೆ ಬರುವ ಎಕ್ಸ್-ರೇ ಮಾಡಿಸಿ, ಮಕ್ಕಳ ಮೂಳೆ ಡಾಕ್ಟರಿಗೆ ತೋರಿಸಿ. "ಕೀಲು ಎಷ್ಟು ಪರ್ಸೆಂಟ್ ಹೊರಗೆ ಬಂದಿದೆ" ಅಂತ ಕೇಳಿ. 30 ದಾಟಿದ್ದರೆ ಅವರೇ ಮುಂದಿನದು ಹೇಳುತ್ತಾರೆ. ಅಲ್ಲಿವರೆಗೆ ವ್ಯಾಯಾಮ ಬೇಡ. ತೊಡೆಗಳ ನಡುವೆ ಮೆತ್ತನೆ ದಿಂಬು ಇಟ್ಟು ಮಲಗಿಸಿ, ಅಷ್ಟೇ.

ರಾಯಚೂರಿನ ಮಾವ: ಫಾರ್ವರ್ಡ್: "ಗ್ರಹಣದ ಹೊತ್ತು ಮಗುವನ್ನು ಕುತ್ತಿಗೆವರೆಗೆ ಮಣ್ಣಲ್ಲಿ ಹೂತರೆ ಕೈಕಾಲು ಬರುತ್ತದೆ."

ಫಿಸಿಯೋ: ದಯವಿಟ್ಟು ಅಳಿಸಿ. 2019ರ ಡಿಸೆಂಬರ್ 26ರ ಗ್ರಹಣದ ದಿನ ಕಲಬುರಗಿ ಹತ್ತಿರ ಹೀಗೇ ಮಾಡಿದರು, ಮಕ್ಕಳು ಅಳುವ ಚಿತ್ರಗಳು ಊರೆಲ್ಲಾ ಹರಡಿದವು. ಎದೆ ಸುತ್ತ ಮಣ್ಣು ಬಿಗಿದರೆ ಉಸಿರು ಕಟ್ಟುತ್ತದೆ. ಹೂತಿರುವಾಗ ಫಿಟ್ಸ್ ಬಂದರೆ ಏನು ಮಾಡುತ್ತೀರಿ?

ರಾಯಚೂರಿನ ಮಾವ: ನಂಬಿಕೆ ಇರುವವರಿಗೆ ಹೇಳಿದೆ. ಈಗಿನ ತಾಯಂದಿರು ಕೆಲಸಕ್ಕೆ ಹೋಗುತ್ತಾರೆ, ಮಗು ಹೇಗೆ ನಡೆಯುತ್ತದೆ?

ತಿಪಟೂರಿನ ಅಮ್ಮ: ನಾನು ಗಾರ್ಮೆಂಟ್ಸ್‌ಗೆ ಹೋಗದಿದ್ದರೆ ಸ್ಪ್ಲಿಂಟ್ ದುಡ್ಡು ಯಾರು ಕೊಡುತ್ತಾರೆ? ನೀವು ಕೊಡುತ್ತೀರಾ?

ರಾಯಚೂರಿನ ಮಾವ: ನಿಮಗೆ ಅಂತ ಹೇಳಲಿಲ್ಲ ತಾಯಿ.

ಕೋಲಾರದ ಅಮ್ಮ: ಯಾರಿಗೆ ಹೇಳಿದಿರಿ ಮತ್ತೆ? ಎಂಟು ವರ್ಷದಿಂದ ಇದೇ ಮಾತು ಕೇಳಿ ಸಾಕಾಗಿದೆ.

ಹೊಸಕೋಟೆ ಅಪ್ಪ: ಜಗಳ ಬಿಡಿ. ಸ್ಟೆಮ್ ಸೆಲ್ (ಮೂಲ ಜೀವಕೋಶ) ಚಿಕಿತ್ಸೆ ಮಾಡಿಸಿದರೆ ಇದೆಲ್ಲ ಬೇಕಾಗಿಲ್ಲ ಅಂತಾರಲ್ಲ?

ಬಳ್ಳಾರಿಯ ಅಪ್ಪ: ನಾವು ಮಾಡಿಸಿದೆವು. ಹೊಲ ಮಾರಿದ ದುಡ್ಡು ಹೋಯಿತು, ಮಗ ಇದ್ದಂತೆಯೇ ಇದ್ದಾನೆ.

ಹೊಸಕೋಟೆ ಅಪ್ಪ: ನಿಮಗೆ ಆಗಲಿಲ್ಲ ಅಂತ ಬೇರೆಯವರ ಆಸೆಗೆ ಯಾಕೆ ಕಲ್ಲು ಹಾಕುತ್ತೀರಿ?

ಬಳ್ಳಾರಿಯ ಅಪ್ಪ: ಆಸೆ ಇಟ್ಟೇ ಮಾರಿದ್ದು ಸ್ವಾಮಿ.

ಫಿಸಿಯೋ: ಐ.ಸಿ.ಎಂ.ಆರ್. (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ರಕ್ತದ ಕಾಯಿಲೆಯಂಥ ಕೆಲವನ್ನು ಬಿಟ್ಟರೆ ಉಳಿದದ್ದಕ್ಕೆ ಸ್ಟೆಮ್ ಸೆಲ್ ಒಪ್ಪಿತ ಚಿಕಿತ್ಸೆ ಅಲ್ಲ, ಪ್ರಯೋಗವಾಗಿ ಮಾತ್ರ. ಪ್ರಯೋಗಕ್ಕೆ ನಿಮ್ಮಿಂದ ದುಡ್ಡು ತಗೊಳ್ಳಬಾರದು. ಇದರ ಬಗ್ಗೆ ಇನ್ನು ಬರೆಯುವುದಿಲ್ಲ.

ಸಾಗರದ ಅಜ್ಜಿ: ಮೊಮ್ಮಗಳಿಗೆ 5 ವರ್ಷ, ನಡೆಯುತ್ತಾಳೆ. ಎಡಗೈ ಬಳಸುವುದೇ ಇಲ್ಲ. ಬಲಗೈ ದಿನವಿಡೀ ಕಟ್ಟಿಡಿ ಅಂತ ಯಾರೋ ಕಳಿಸಿದ್ದಾರೆ.

ಫಿಸಿಯೋ: ದಿನವಿಡೀ ಬೇಡ ಅಜ್ಜಿ, ಮಗು ಬೇಸತ್ತು ಆ ಕೈಯನ್ನೇ ದ್ವೇಷಿಸುತ್ತದೆ. ಆ ವಿಧಾನ ನಿಜಕ್ಕೂ ಇದೆ, ಆದರೆ ಥೆರಪಿಸ್ಟ್ ಹೇಳಿದಷ್ಟು ಹೊತ್ತು, ಆಟ ಆಡಿಸುತ್ತಾ, ಮೆತ್ತನೆ ಗವಸು ಹಾಕಿ ಮಾಡಬೇಕು. ಅದರ ಜೊತೆಗೆ ಎರಡು ಕೈ ಬೇಕಾದ ಕೆಲಸ ಕೊಡಿ. ನಿಮ್ಮ ಪಕ್ಕ ಕೂರಿಸಿಕೊಂಡು ಅವರೆಕಾಯಿ ಸುಲಿಸಿ. ಎಡಗೈ ಸುಮ್ನೆ ಹಿಡಿದುಕೊಂಡರೂ ಸಾಕು, ಬಲಗೈ ಸುಲಿಯಲಿ.

ಕೋಲಾರದ ಅಮ್ಮ: ಸಾಸಿವೆ ಎಣ್ಣೆ ಆದರೂ ಆಗುತ್ತಾ?

ಫಿಸಿಯೋ: ಮೇಲೆ ಓದಿ.

ಮಂಡ್ಯದ ಅಮ್ಮ: ಮೇಡಂ, ಜೊಲ್ಲಿನ ಬಗ್ಗೆ ಕೇಳಿದ್ದೆ.

ರಾಯಚೂರಿನ ಮಾವ: ಹಿರಿಯರಿಗೆ ಇಲ್ಲಿ ಮರ್ಯಾದೆ ಇಲ್ಲ. ನಾನು ಹೊರಡುತ್ತೇನೆ.

ತಿಪಟೂರಿನ ಅಮ್ಮ: ಹೋಗುವ ಮುಂಚೆ ಆ ಫಾರ್ವರ್ಡ್ ಅಳಿಸಿ ಹೋಗಿ.

ಗದಗದ ಅಪ್ಪ: ಮೇಡಂರೀ, ನೋಡಿದೆವು. ಎಡ ಮಂಡಿ ಎರಡು ಬೆರಳಷ್ಟು ಕೆಳಗಿದೆ. ತಿಕ್ಕುವವರಿಗೆ ಬರಬೇಡಿ ಅಂತ ಫೋನ್ ಮಾಡಿದೆ. ನಾವೇ ಜಗ್ಗಿಸಿ ಹಾಳು ಮಾಡಿದೆವಾ?

ಫಿಸಿಯೋ: ಇಲ್ಲ ಅಣ್ಣಾ. ವರ್ಷಗಟ್ಟಲೆ ಗೊತ್ತಾಗದಂತೆ ಸರಿಯುವ ಕೀಲು ಇದು. ಇದಕ್ಕೆ ಮುಂಚೆಯೇ ಎಕ್ಸ್-ರೇ ತೆಗೆಸಿ ಅಂತ ಯಾರಾದರೂ ನಿಮಗೆ ಹೇಳಬೇಕಿತ್ತು. ನಾಳೆ ಎಕ್ಸ್-ರೇ ಟೇಬಲ್ ಮೇಲೆ ಅವಳ ಕಾಲು ಒಂದು ಕಡೆ ವಾಲಿದ್ದರೆ ಫಿಲಂ ಸರಿಯಾಗಿ ಬರುವುದಿಲ್ಲ. ಎರಡೂ ಮಂಡಿಚಿಪ್ಪು ಮೇಲಕ್ಕೆ ಇರುವಂತೆ, ಅವಳಿಗೆ ನೋವಾಗದಂತೆ ಮೆತ್ತಗೆ ಹಿಡಿದುಕೊಳ್ಳಲು ಮನೆಯವರು ಒಬ್ಬರು ಒಳಗೆ ಇರಲಿ. ಗರ್ಭಿಣಿಯರು ಬೇಡ. ಫಿಲಂ ಇಲ್ಲಿ ಹಾಕಬೇಡಿ, ನನಗೆ ಮಾತ್ರ ಕಳಿಸಿ.

ಗದಗದ ಅಪ್ಪ: ಮುಂಜಾನೆ ಮೊದಲ ಬಸ್ಸಿಗೆ ಹೊರಡುತ್ತೇವೆ.

ಮಂಡ್ಯದ ಅಮ್ಮ: ಜೊಲ್ಲಿಗೆ ಯಾರಾದರೂ ಹೇಳಿ.