ಅಪ್‌ಡೇಟ್: ಕೆ-ಟೆಟ್ (ಕೇರಳದ ಶಿಕ್ಷಕರ ಅರ್ಹತಾ ಪರೀಕ್ಷೆ) ನಾಲ್ಕನೇ ಸಲ, 94 ಬಂತು

ಹೋದ ವರ್ಷ ಇಲ್ಲಿ ಕೇಳಿದ್ದೆ: ಗಂಡ ತೀರಿಕೊಂಡು ಎರಡು ವರ್ಷ, ಬದಿಯಡ್ಕದಲ್ಲಿ ಹೊಲಿಗೆ ಕೆಲಸ, ಕೆ-ಟೆಟ್ ಮೂರು ಸಲ ಹೋಯಿತು, ಬಿಟ್ಟುಬಿಡಲೇ ಎಂದು.

ಬಿಡಲಿಲ್ಲ ಮಾರಾಯ್ರೇ. 150ರಲ್ಲಿ ಬೇಕಾದ್ದು 90, ಬಂದದ್ದು 94.

ನನ್ನ ಪೆದ್ದುತನ ಹೇಳುತ್ತೇನೆ, ನಗಬೇಡಿ. ಗೊತ್ತಿಲ್ಲದ ಪ್ರಶ್ನೆಗಳನ್ನೆಲ್ಲ ಖಾಲಿ ಬಿಟ್ಟು ಬರುತ್ತಿದ್ದೆ. ತಪ್ಪಾದರೆ ಅಂಕ ಕಳೆಯುವುದಿಲ್ಲ ಎಂದು ನಿಮ್ಮಲ್ಲೊಬ್ಬರು ಹೇಳಿದ ಮೇಲೆಯೇ ತಲೆಗೆ ಹೋದದ್ದು. ಗಣಿತದ 30 ಪ್ರಶ್ನೆ ಕಂಡರೆ ಕೈ ನಡುಗುತ್ತಿತ್ತು. ಈ ಸಲ ಮಗಳ ಐದನೇ ಕ್ಲಾಸಿನ ಪುಸ್ತಕದಿಂದಲೇ ಶುರು ಮಾಡಿದೆ, ಅವಳೇ ಟೀಚರು. ಬೈಗುಳವೂ ಸಿಕ್ಕಿತು.

ಅಮ್ಮ ಮಧೂರು ಗಣಪತಿಗೆ ಅಪ್ಪದ ಹರಕೆ ಹೊತ್ತಿದ್ದರು. ನನಗೆ ದೇವರ ಮೇಲೆ ಸಿಟ್ಟೇ ಇತ್ತು. ಆದರೂ ಪರೀಕ್ಷೆಯ ಹಿಂದಿನ ದಿನ ಹೋಗಿ ಮಧುವಾಹಿನಿ ಹೊಳೆಯ ಬದಿ ಸುಮ್ಮನೆ ಕೂತೆ. ಏನೂ ಬೇಡಲಿಲ್ಲ. ಆ ರಾತ್ರಿ ನಿದ್ದೆ ಬಂತು, ಎಷ್ಟೋ ತಿಂಗಳ ನಂತರ.

ಕೆಲಸ ಇನ್ನೂ ಆಗಿಲ್ಲ, ಸರ್ಕಾರಿ ಕೆಲಸಕ್ಕೆ ಬೇಕಾದ ಪಿಎಸ್‌ಸಿ ಪರೀಕ್ಷೆ ಬಾಕಿ ಉಂಟು. ಹೊಲಿಗೆ ಮಿಷನ್ ಮಾರಿಲ್ಲ. ಹರಕೆ ಮಾತ್ರ ಹೋದ ಮಂಗಳವಾರ ತೀರಿಸಿದೆವು; ಅಪ್ಪ ಅರ್ಧಕ್ಕರ್ಧ ಮಗಳೇ ತಿಂದಳು.