ಒಂದೇ ಮನೆಯ ಇಬ್ಬರು ಬಾಣಂತಿಯರಲ್ಲಿ ಹಾಲು ಇಳಿಯುವುದು ಇಷ್ಟು ಭಿನ್ನವೇಕೆ?

ನಂದಿಬಟ್ಟಲು, ಉಡುಪಿ:
ನನ್ನ ಅಕ್ಕನಿಗೆ ಸಹಜ ಹೆರಿಗೆಯಾಗಿತ್ತು. ಮಗುವನ್ನು ಒರೆಸಿ ಎದೆಯ ಮೇಲೆ ಮಲಗಿಸಿದಾಗಲೇ ಅದು ಮೊಲೆ ಹಿಡಿದಿತ್ತು. ನನಗೆ ನೋವು ಬರಿಸುವ ಔಷಧಿ ಕೊಟ್ಟರೂ ಫಲಿಸದೆ ಸಿಸೇರಿಯನ್ ಮಾಡಬೇಕಾಯಿತು, ಮಗುವನ್ನು ನನ್ನ ಬಳಿ ತರುವಷ್ಟರಲ್ಲಿ ಡಬ್ಬಿ ಹಾಲು ಕುಡಿಸಿಯಾಗಿತ್ತು. ಈಗ ತವರಿನಲ್ಲಿದ್ದೇನೆ. ಅಮ್ಮ ದಿನವೂ ತೆಂಗಿನ ಹಾಲು, ಬೆಲ್ಲ ಹಾಕಿ ಮೆಂತೆ ಗಂಜಿ ಮಾಡಿಕೊಡುತ್ತಾರೆ, ನೋಡಲು ಬಂದವರೆಲ್ಲ "ಹಾಲು ಸಾಲುತ್ತದಾ?" ಎಂದೇ ಮಾತು ತೆಗೆಯುತ್ತಾರೆ. ಈ ವ್ಯತ್ಯಾಸಕ್ಕೆ ಕಾರಣವೇನು? ಸಾಲುತ್ತಿದೆಯೆಂದು ತಿಳಿಯುವುದಾದರೂ ಹೇಗೆ?

ನಿವೃತ್ತ ದಾದಿ, ಮಂಗಳೂರು:
ಮಾಸು ಹೊರಬಿದ್ದ ಬಳಿಕ ತಾಯಿಯ ದೇಹದಲ್ಲಿ ಬಸಿರನ್ನು ಕಾಯುವ ಹಾರ್ಮೋನಾದ ಪ್ರೊಜೆಸ್ಟರಾನ್ ತಟ್ಟನೆ ಇಳಿದು, ಹಾಲು ಉಂಟುಮಾಡುವ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಕೆಲಸ ಆರಂಭಿಸುವುದರಿಂದ, ಸಾಮಾನ್ಯವಾಗಿ 2ರಿಂದ 4 ದಿನಗಳಲ್ಲಿ ಎದೆ ತುಂಬಿಕೊಳ್ಳುತ್ತದೆ. ಚೊಚ್ಚಲ ಹೆರಿಗೆ, ದೀರ್ಘ ನೋವು, ಸಿಸೇರಿಯನ್, ಮಧುಮೇಹ, ಹೆಚ್ಚು ರಕ್ತಸ್ರಾವ ಇವುಗಳಲ್ಲಿ ಯಾವುದಿದ್ದರೂ ಅದು ತಡವಾಗಬಹುದು. ಅಲ್ಲಿಯವರೆಗೆ ಬರುವ ಹಳದಿ ಬಣ್ಣದ ಮಂದವಾದ ಗಿಣ್ಣುಹಾಲು ಚಮಚದಷ್ಟೇ ಇದ್ದರೂ ಅದನ್ನು ಹಿಂಡಿ ಚೆಲ್ಲಬಾರದು. ಗಂಜಿ ಬಾಣಂತಿಗೆ ಒಳ್ಳೆಯ ಆಹಾರವೇ, ಆದರೆ ಹಾಲು ಹೆಚ್ಚುವುದು ಮಗು ಎಷ್ಟು ಸಲ ಕುಡಿದು ಎದೆ ಖಾಲಿ ಮಾಡುತ್ತದೆ ಎಂಬುದರ ಮೇಲೆ. ದಿನಕ್ಕೆ 8ರಿಂದ 12 ಬಾರಿ ಕುಡಿಸಿರಿ. ಬಂದವರ ಮಾತನ್ನಲ್ಲ, ಒದ್ದೆ ಬಟ್ಟೆಗಳನ್ನು ಲೆಕ್ಕ ಹಾಕಿರಿ: ಐದನೆಯ ದಿನದ ನಂತರ ದಿನಕ್ಕೆ ಕನಿಷ್ಠ 6 ಬಾರಿ ಮೂತ್ರ ಮಾಡಿದರೆ, ಮಲ ಹಳದಿಗೆ ತಿರುಗಿದರೆ, ಎರಡು ವಾರದೊಳಗೆ ಹುಟ್ಟಿದಾಗಿನ ತೂಕ ಮರಳಿದರೆ ಹಾಲು ಸಾಲುತ್ತಿದೆ. ಮಗು ಮಂಕಾಗಿ ಕುಡಿಯದೆ ಮಲಗಿದರೆ ತಡಮಾಡದೆ ವೈದ್ಯರಿಗೆ ತೋರಿಸಿರಿ.

ಎರಡು ಮಕ್ಕಳ ಅಮ್ಮ, ಬ್ರಹ್ಮಾವರ:
ಎಲ್ಲವನ್ನೂ ಸಿಸೇರಿಯನ್ ತಲೆಗೆ ಕಟ್ಟಬೇಡಿ. ನನ್ನ ಮೊದಲನೆಯದು ಸಹಜ ಹೆರಿಗೆಯೇ. ಆದರೂ ಮೊಲೆತೊಟ್ಟು ಬಿರಿದು ಜ್ವರ ಬಂದು, ಮಗು ಬಾಯಿ ಹಾಕಿದರೆ ಕಣ್ಣೀರು ಬರುತ್ತಿತ್ತು. ಎರಡನೆಯದು ಸಿಸೇರಿಯನ್, ಹಾಲಿಗೆ ಮಾತ್ರ ಯಾವ ತೊಂದರೆಯೂ ಆಗಲಿಲ್ಲ. ಆ ಸಲ ಒಬ್ಬ ದಾದಿ ಪಕ್ಕದಲ್ಲಿ ಕುಳಿತು, ಬರೀ ತೊಟ್ಟಲ್ಲ, ಸುತ್ತಲಿನ ಕಪ್ಪು ಭಾಗವೂ ಮಗುವಿನ ಬಾಯೊಳಗೆ ಹೋಗಿ ಕೆಳತುಟಿ ಹೊರಕ್ಕೆ ಮಡಚಿರಬೇಕೆಂದು ತೋರಿಸಿಕೊಟ್ಟಿದ್ದರು. ಹೊಲಿಗೆಗೆ ಒತ್ತಡ ಬೀಳದಂತೆ ಮಗುವನ್ನು ಕಂಕುಳಡಿಯಲ್ಲಿ ಹಿಡಿದು ನೋಡಿ, ಅಕ್ಕನ ಜೊತೆ ಹೋಲಿಸುವವರ ಎದುರು ಮಾತ್ರ ಕುಡಿಸಬೇಡಿ!

ಕಡಲತಡಿ, ಸುರತ್ಕಲ್:
ನನ್ನ ಮಗು ಅವಧಿಗೆ ಮುನ್ನವೇ ಹುಟ್ಟಿ ಐಸಿಯುನಲ್ಲಿ ಇದ್ದುದರಿಂದ, ಮೊಲೆ ಹಿಡಿಸುವ ಅವಕಾಶವೇ ಬಹಳ ದಿನ ಇರಲಿಲ್ಲ; ಪಂಪಿನಿಂದ ತೆಗೆದ ಹಾಲನ್ನು ನಳಿಕೆಯ ಮೂಲಕ ಕೊಡುತ್ತಿದ್ದರು. ಅದೂ ಸಾಲದ ತಾಯಂದಿರಿಗಾಗಿ ನಮ್ಮ ಮಂಗಳೂರಿನ ಲೇಡಿಗೋಷನ್ ಆಸ್ಪತ್ರೆಯಲ್ಲಿ ಎದೆಹಾಲಿನ ಬ್ಯಾಂಕ್ ಇದೆ. ಇಂಥ ಬ್ಯಾಂಕುಗಳಲ್ಲಿ ದಾನಿ ತಾಯಂದಿರ ರಕ್ತಪರೀಕ್ಷೆ ಮಾಡಿ, ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ ಪಾಶ್ಚರೀಕರಿಸಿದ ಮೇಲೆಯೇ ಶಿಶುಗಳಿಗೆ ಕೊಡುತ್ತಾರೆ. ಡಬ್ಬಿ ಹಾಲು ಕೊಟ್ಟಾಯಿತೆಂದು ನೀವು ಕೈಚೆಲ್ಲಬೇಕಾಗಿಲ್ಲ: ಪ್ರತಿ ಬಾರಿಯೂ ಮೊದಲು ಎದೆಗೆ ಹಿಡಿಯಿರಿ, ಡಬ್ಬಿ ಹಾಲನ್ನು ವೈದ್ಯರನ್ನು ಕೇಳಿ, ತೂಕ ನೋಡಿಕೊಂಡು ಸ್ವಲ್ಪಸ್ವಲ್ಪವಾಗಿ ಇಳಿಸಿರಿ.